ಪೈಲಟ್ ಕೇಳಿಸ್ತಾನೆ, ಟವರ್ ಯಾಕೆ ಕೇಳಿಸಲ್ಲ?

ಅಮೆರಿಕದ ಫೀನಿಕ್ಸ್‌ನಲ್ಲಿರುವ ಅಕ್ಕನ ಮಗ ವಾಟ್ಸಾಪ್‌ನಲ್ಲಿ ಒಂದು ಆಡಿಯೊ ಕಳಿಸಿದ. ಸ್ಕ್ಯಾನರ್ ಅನ್ನುವ ರೇಡಿಯೊ ಇಟ್ಟುಕೊಂಡು ಸೇನಾ ವಿಮಾನಗಳ ಮಾತು ಕೇಳುವ ಹವ್ಯಾಸ ಅಲ್ಲಿ ಬಹಳ ಜನಕ್ಕಿದೆ. ನಮ್ಮಲ್ಲಿ ಹಾಗೆ ಕೇಳುವಂತಿಲ್ಲ. ಬಳ್ಳಾರಿಯ ನಮ್ಮ ಮನೆ ಮಹಡಿ ಮೇಲೆ ಕೂತು ಅದನ್ನು ನಾಲ್ಕು ಸಲ ಕೇಳಿದೆ. ಗೊರಗೊರ ಸದ್ದಿನ ನಡುವೆ ಪೈಲಟ್ ಏನೋ ಹೇಳುತ್ತಾನೆ. ಸುಮ್ಮನಾಗುತ್ತಾನೆ. ಮತ್ತೆ ಹೇಳುತ್ತಾನೆ. ಅವನ ಜೊತೆ ಮಾತಾಡುತ್ತಿರುವ, ನೆಲದ ಮೇಲಿನ ಕಂಟ್ರೋಲ್ ಟವರ್‌ನವರ ದನಿಯೇ ಇಲ್ಲ.

"ಮಾಮಾ, ಸ್ಕ್ಯಾನರ್ ಕೆಟ್ಟಿದೆಯಾ?"

ಕೆಟ್ಟಿಲ್ಲ. ಅಲ್ಲಿ ಸೇನಾ ವಿಮಾನಗಳು ಹೆಚ್ಚಾಗಿ ಮಾತಾಡುವುದು 225ರಿಂದ 400 ಮೆಗಾಹರ್ಟ್ಸ್‌ನಲ್ಲಿ. ಈ ಅಲೆಗಳು ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರ ಹೋಗುತ್ತವೆ. ರಾತ್ರಿ ನಮ್ಮ ಕೋಟೆ ಗುಡ್ಡದ ತುದಿಯಲ್ಲಿ ಒಬ್ಬ ಟಾರ್ಚ್ ಹಿಡಿದು ನಿಂತ ಅಂದುಕೊಳ್ಳಿ. ಕೌಲ್‌ಬಜಾರಿನ ಮಹಡಿಗೂ ಆ ಬೆಳಕು ಕಾಣುತ್ತದೆ, ಬ್ರೂಸ್‌ಪೇಟೆಯ ಮಹಡಿಗೂ ಕಾಣುತ್ತದೆ. ಆದರೆ ಆ ಎರಡು ಮಹಡಿಯವರು ಒಬ್ಬರಿಗೊಬ್ಬರು ಕಾಣಲ್ಲ, ಅಲ್ವಾ? ಪೈಲಟ್ ಗುಡ್ಡದ ಮೇಲಿನವನು. ಟವರ್ ಮತ್ತು ನಮ್ಮ ಹುಡುಗ ಕೆಳಗಿನ ಇಬ್ಬರು. ಅಡ್ಡ ಬರುವುದು ಭೂಮಿಯ ಉಬ್ಬು.

ಲೆಕ್ಕ ಸುಲಭ. ಎತ್ತರವನ್ನು ಮೀಟರ್‌ನಲ್ಲಿ ಬರೆದು ವರ್ಗಮೂಲ ತೆಗೆಯಿರಿ, 4.12ರಿಂದ ಗುಣಿಸಿ. ಅಲೆ ನೆಲದ ಮೇಲೆ ಮುಟ್ಟುವುದು ಸುಮಾರು ಅಷ್ಟು ಕಿಲೋಮೀಟರ್. 10,000 ಮೀಟರ್ ಮೇಲಿನ ವಿಮಾನಕ್ಕೆ 412. ಟವರ್‌ನ 25 ಮೀಟರ್ ಆಂಟೆನಾಗೆ ಬರೀ 20! ವಿಮಾನದ ರೇಡಿಯೊ ಶಕ್ತಿಯೋ, ಸುಮಾರು 10 ವ್ಯಾಟ್. ಅಡುಗೆಮನೆಯ ಎಲ್‌ಇಡಿ ಬಲ್ಬಿನಷ್ಟು. ಹೊಸಪೇಟೆಯ ಎಫ್‌ಎಂ ಇದಕ್ಕಿಂತ ಎಷ್ಟೋ ಪಟ್ಟು ಜೋರು, ಆದರೂ ಬಸ್ಸು ಬೆಂಗಳೂರು ಮುಟ್ಟುವ ಎಷ್ಟೋ ಮೊದಲೇ ಕೈಕೊಡುತ್ತದೆ. ಎತ್ತರದ ಮುಂದೆ ವ್ಯಾಟ್ ಏನೂ ಅಲ್ಲ.

"ರಾತ್ರಿ ರೇಡಿಯೊ ಹಚ್ಚಿದ್ರೆ ದೂರದ್ದು ಸಿಗುತ್ತೆ" ಅನ್ನುವವರು ಇವತ್ತಿಗೂ ಇದ್ದಾರೆ. ಅದು ಮೀಡಿಯಂ ವೇವ್, ಶಾರ್ಟ್‌ವೇವ್ ಕಾಲದ ಅನುಭವ, ಸುಳ್ಳಲ್ಲ. 1901ರ ಡಿಸೆಂಬರ್ 12ರಂದು ಅಟ್ಲಾಂಟಿಕ್ ಆಚೆಯ ಸಂಕೇತ ಕೇಳಿಸಿತೆಂದು ಮಾರ್ಕೋನಿ ಹೇಳಿದಾಗ, ಅಲೆ ಹೇಗೆ ಬಾಗಿತು ಅಂತ ಎಲ್ಲರೂ ತಲೆ ಕೆರೆದುಕೊಂಡರು. ಅಂಥ ಅಲೆಗಳನ್ನು ವಾತಾವರಣದ ಮೇಲ್ಭಾಗದ ವಿದ್ಯುತ್ ಪದರ ಕೆಳಕ್ಕೆ ತಿರುಗಿಸುತ್ತದೆ ಅನ್ನುವುದಕ್ಕೆ 1924ರಲ್ಲಿ ಬ್ರಿಟನ್ನಿನ ವಿಜ್ಞಾನಿ ಆ್ಯಪಲ್ಟನ್ ಪುರಾವೆ ಕೊಟ್ಟರು. ಅಪ್ಪ ಸಿಲೋನ್ ರೇಡಿಯೊ ಕೇಳಿದ್ದು ಆ ಪದರದ ದಯೆಯಿಂದ. ಆದರೆ 300 ಮೆಗಾಹರ್ಟ್ಸ್ ಅಲೆ ಅದನ್ನು ತೂರಿ ಹೊರಗೆ ಹೋಗಿಬಿಡುತ್ತದೆ. ಅದಕ್ಕೆ ಹಗಲೂ ಒಂದೇ, ಅಮಾವಾಸ್ಯೆಯೂ ಒಂದೇ.

ನಿನ್ನೆ ಇನ್ನೊಂದು ಆಡಿಯೊ ಬಂತು. ಇದರಲ್ಲಿ ಇಬ್ಬರೂ ಸ್ಪಷ್ಟವಾಗಿ ಕೇಳಿಸುತ್ತಾರೆ. ಒಬ್ಬ ಟ್ಯಾಂಕರ್ ವಿಮಾನದವನು, ಇನ್ನೊಬ್ಬ ಅದರಿಂದ ಇಂಧನ ತುಂಬಿಸಿಕೊಳ್ಳಲು ಬಂದವನು. ಇಬ್ಬರೂ ಆಕಾಶದಲ್ಲೇ ಇದ್ದರು.