ಕಾಫಿ ಚರಟ ಗಿಡದ ಬುಡಕ್ಕಲ್ಲ, ತಿಪ್ಪೆಗೆ

ಗುಲಾಬಿ ಬುಡಕ್ಕೆ ಫಿಲ್ಟರಿನ ಚರಟ ಸುರಿದರೆ ಮಣ್ಣು ಹುಳಿಯಾಗಿ ಗಿಡ ಸೊಂಪಾಗುತ್ತದೆ ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಆದರೆ ಕಾಫಿಯ ಹುಳಿ ಬಹುಪಾಲು ಡಿಕಾಕ್ಷನ್‌ ಜೊತೆಗೇ ಇಳಿದುಹೋಗಿರುತ್ತದೆ. ಚರಟದ ಪಿಎಚ್ (ಹುಳಿಯ ಅಳತೆ; 7 ಎಂದರೆ ತಟಸ್ಥ) ಸಾಮಾನ್ಯವಾಗಿ 6.5ರ ಆಸುಪಾಸು. ಶೇ 2ರಷ್ಟು ಸಾರಜನಕವೇನೋ ಇದೆ, ಆದರೆ ಕೊಳೆಯದೆ ಅದು ಗಿಡಕ್ಕೆ ದಕ್ಕುವುದಿಲ್ಲ. ಜೊತೆಗೆ ಉಳಿದ ಕೆಫೀನ್ ಎಳೆ ಬೇರಿಗೆ ಆಗಿಬರುವುದಿಲ್ಲ.

ಚರಟ ಹಾಕಿ ಸೊರಗಿದ ಕುಂಡ ನೋಡಿ: ಮೇಲೆ ಹಪ್ಪಳದಂಥ ಕಪ್ಪು ಪದರ, ಉಗುರಿನಲ್ಲಿ ಎಬ್ಬಿಸಿದರೆ ಇಡಿಯಾಗಿ ಏಳುತ್ತದೆ. ಅದರಡಿ ಮಣ್ಣು ಒಣ ಪುಡಿ. ಹಾಕಿದ ನೀರೆಲ್ಲ ಕುಂಡದ ಅಂಚಿನಿಂದ ಇಳಿದುಹೋಗಿರುತ್ತದೆ. ಚರಟವನ್ನು ಕಾಂಪೋಸ್ಟಿಗೆ ಹಾಕಿ, ರಾಶಿಯ ಐದನೇ ಒಂದು ಪಾಲು ಮೀರದಂತೆ. ಚಿಕೋರಿ ಬೆರೆತಿದ್ದರೂ ಅಡ್ಡಿಯಿಲ್ಲ.

ನನ್ನ ಕೇಳಿದರೆ ಕಾಫಿಯ ನಿಜವಾದ ಗೊಬ್ಬರ ಇರುವುದು ಅಡುಗೆಮನೆಯಲ್ಲಲ್ಲ, ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್ ಪಕ್ಕದಲ್ಲಿ. ಅರೇಬಿಕಾ ಹಣ್ಣಿನ ತೂಕದಲ್ಲಿ ಸುಮಾರು ಶೇ 40 ಸಿಪ್ಪೆಯಾಗಿಯೇ ಹೊರಬೀಳುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ನವೆಂಬರಿನಿಂದ ಅದರ ರಾಶಿ ಏಳುತ್ತದೆ. ಪೊಟ್ಯಾಷ್ ಹೇರಳ, ರಂಜಕ ಕಡಿಮೆ. ಹಸಿಯಾಗಿ ಹಾಕಿದರೆ ಸಕ್ಕರೆಯಂಶ ಹುಳಿತು ನಾರುತ್ತದೆ, ನೊಣ ಮುತ್ತುತ್ತದೆ.

ಸಿಪ್ಪೆ, ದರಗು, ಸಗಣಿ ಬಗ್ಗಡ ಪದರ ಪದರವಾಗಿ ಹರಡಿ, ರಂಜಕದ ಕೊರತೆ ತುಂಬಲು ನಡುವೆ ಒಂದಿಷ್ಟು ಶಿಲಾರಂಜಕ (ರಾಕ್ ಫಾಸ್ಫೇಟ್) ಉದುರಿಸಿ. ಮೊದಮೊದಲು ರಾಶಿಯೊಳಗೆ ಕೈ ಇಡಲಾಗದಷ್ಟು ಬಿಸಿ ಏರಬೇಕು. ಸಿಪ್ಪೆಯಲ್ಲಿ ಅಡಗಿದ ಕಾಯಿಕೊರಕ ಕೀಟ ಸಾಯುವುದು ಆ ಶಾಖಕ್ಕೆ. ಬಿಸಿ ಇಳಿದಂತೆಲ್ಲ ಮಗುಚುತ್ತಿದ್ದರೆ ಮೂರ್ನಾಲ್ಕು ತಿಂಗಳಲ್ಲಿ ಸಿಪ್ಪೆಯ ಆಕಾರ ಅಳಿದು ಮಣ್ಣಿನ ವಾಸನೆ ಬರುತ್ತದೆ.

ತೋಟದವರು ಎಡವುವುದು ಇಲ್ಲೇ: ರಾಶಿಯನ್ನು ಬಯಲಿಗೆ ಬಿಟ್ಟು ಮಳೆಗಾಲ ದಾಟಿಸುತ್ತಾರೆ. ಪೊಟ್ಯಾಷ್ ನೀರಿನಲ್ಲಿ ಸಲೀಸಾಗಿ ಕರಗುವ ವಸ್ತು. ರಾಶಿಯ ಬುಡದಿಂದ ಹಳ್ಳಕ್ಕೆ ಹರಿಯುವ ಕಪ್ಪು ನೀರಿನಲ್ಲಿ ನಿಮ್ಮ ಗೊಬ್ಬರವೇ ಹೋಗುತ್ತಿದೆ, ಹಳ್ಳದ ನೀರೂ ಕೆಡುತ್ತದೆ. ಟಾರ್ಪಾಲು ಹೊದಿಸಿ, ಇಲ್ಲವೇ ಮುಂಗಾರಿಗೆ ಮೊದಲೇ ಬಳಸಿಬಿಡಿ. ಹಾಗೆಂದು ಅತಿಯೂ ಬೇಡ. ಪೊಟ್ಯಾಷ್ ಹೆಚ್ಚಾದರೆ ಗಿಡಕ್ಕೆ ಮೆಗ್ನೀಷಿಯಂ ಸಿಗದೆ, ಹಳೆ ಎಲೆಗಳ ನರ ಹಸಿರಾಗೇ ಉಳಿದು ನಡುವೆಲ್ಲ ಹಳದಿಯಾಗುತ್ತದೆ.

ಪೇಟೆಯಲ್ಲಿ ಕಾಫಿ ಹೊಟ್ಟು ಕೊಳ್ಳುವವರು ಚೀಲ ಬಿಚ್ಚಿಸಿ ನೋಡಿ. ಕಡುಕಂದು, ದಪ್ಪ ಚೂರುಗಳು ಇಡೀ ಹಣ್ಣು ಒಣಗಿಸಿ ಸುಲಿದ ಚೆರ‍್ರಿ ಹೊಟ್ಟು; ಅದು ಕಾಂಪೋಸ್ಟಿಗೆ. ತಿಳಿಹಳದಿಯ ಹಗುರ ಹೊಟ್ಟು ಬೀಜದ ಮೇಲಿನ ಒಳಪೊರೆಯಾದ ಪಾರ್ಚ್‌ಮೆಂಟಿನದು; ಬೇಗ ಕೊಳೆಯುವುದಿಲ್ಲ, ಮಣ್ಣಿನ ಮೇಲೆ ಹೊದಿಕೆಯಾಗಿ ಹರಡಲಷ್ಟೇ ಸರಿ.