249 ಗ್ರಾಂ ಡ್ರೋನನ್ನು ತೇರಿನ ಜನರ ಮೇಲೆ ಹಾರಿಸಬಹುದಾ?

ಪ್ರಶ್ನೆ: ನನ್ನ ಡ್ರೋನ್ ತೂಕ ಬರೀ 249 ಗ್ರಾಂ. ಇದಕ್ಕೆ ಲೈಸೆನ್ಸ್ ಬೇಡ ಅಂತಾರೆ. ನಮ್ಮೂರ ತೇರಿನ ದಿನ ಜನರ ಮೇಲಿಂದ ವಿಡಿಯೋ ತೆಗೆಯಬಹುದಾ?

ಉತ್ತರ: ದಯವಿಟ್ಟು ಬೇಡ. ಲೈಸೆನ್ಸ್ ವಿಷಯ ನಿಜ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೊ ವರ್ಗ, ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್ ಕಡ್ಡಾಯವಲ್ಲ. ಅಷ್ಟಕ್ಕೇ ಯಾರ ತಲೆ ಮೇಲಾದರೂ ಹಾರಿಸಬಹುದು ಅಂತ ಆಗೋದಿಲ್ಲ. ಯುರೋಪಿನಲ್ಲೂ ಈ ತೂಕದ ಡ್ರೋನ್‌ಗಳಿಗೆ ಸಾಕಷ್ಟು ಸಡಿಲಿಕೆ ಇದೆ. ಆದರೂ ಜನ ಗುಂಪುಗೂಡಿದ ಕಡೆ ಮೇಲೆ ಹಾರಿಸಲು ಅಲ್ಲಿ ಬಿಡುವುದಿಲ್ಲ.

ಡ್ರೋನ್‌ಗೆ ವಿಮಾನದಂಥ ರೆಕ್ಕೆ ಇಲ್ಲ. ನಾಲ್ಕು ಪ್ರೊಪೆಲ್ಲರ್‌ಗಳಲ್ಲಿ ಒಂದು ಮುರಿದರೂ ಸಾಕು, ಮಗುಚಿಕೊಂಡು ಬೀಳುತ್ತದೆ. 30 ಮೀಟರ್ ಎತ್ತರದಿಂದ ಬೀಳಲು ಸುಮಾರು ಮೂರು ಸೆಕೆಂಡ್ ಸಾಕು. ಗಾಳಿಯ ತಡೆಯನ್ನೂ ಲೆಕ್ಕಕ್ಕೆ ಹಿಡಿದು, ಬೀಳುವ ವೇಗ ಗಂಟೆಗೆ 50 ಕಿ.ಮೀ. ಅಂತ ಇಟ್ಟುಕೊಳ್ಳಿ. ಆಗ ನಿಮ್ಮ 249 ಗ್ರಾಂ ಡ್ರೋನ್‌ನ ಪೆಟ್ಟು, ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದ ಕ್ರಿಕೆಟ್ ಚೆಂಡಿನಷ್ಟಿರುತ್ತದೆ. 900 ಗ್ರಾಂ ಡ್ರೋನ್ ಆದರೆ 120ರ ಹತ್ತಿರದ ಚೆಂಡು. ಚೆಂಡಿಗೆ ತಿರುಗುವ ಅಲಗು ಇರುವುದಿಲ್ಲ, ಡ್ರೋನ್‌ಗೆ ಇರುತ್ತದೆ. ತೇರು ನೋಡಲು ಅಪ್ಪನ ಹೆಗಲೇರಿ ಕೂತ ಮಗುವಿನ ಕಣ್ಣನ್ನು ನೆನಪಿಸಿಕೊಳ್ಳಿ.

ವೃತ್ತಿಪರರು ನಡೆಸಿದ ಕಡೆಯೂ ಹೀಗಾಗಿದೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಒರ್ಲ್ಯಾಂಡೊದಲ್ಲಿ ಡ್ರೋನ್ ಪ್ರದರ್ಶನದ ನಡುವೆ ಡ್ರೋನ್‌ಗಳು ಡಿಕ್ಕಿಯಾಗಿ ಬಿದ್ದವು. ಒಂದು ಡ್ರೋನ್ ಏಳು ವರ್ಷದ ಹುಡುಗನ ಎದೆಗೆ ಬಡಿಯಿತು. ಅವನಿಗೆ ಹೃದಯದ ಆಪರೇಷನ್ನೇ ಮಾಡಬೇಕಾಯಿತು.

ನಮ್ಮ ತೇರಿನಲ್ಲಂತೂ ಡ್ರೋನ್ ಬೀಳಲು ಕಾರಣ ಹುಡುಕಬೇಕಿಲ್ಲ. ಕಳಸದ ಕಡೆಗೆ ಜನ ಬಾಳೆಹಣ್ಣು, ಉತ್ತತ್ತಿ ಎಸೆಯುತ್ತಾರಲ್ವಾ? ತೇರಿನ ಹತ್ತಿರ ಬಂದ ಡ್ರೋನ್‌ಗೆ ಅದರಲ್ಲಿ ಒಂದು ತಾಗಿದರೆ ಮುಗಿಯಿತು. ಮೇಲೆ ಬಾವುಟ, ತೋರಣ, ಸೀರಿಯಲ್ ಸೆಟ್ಟಿನ ವೈರು. ತೆಳ್ಳಗಿನ ತಂತಿಯನ್ನು ಡ್ರೋನ್‌ನ ಸೆನ್ಸರ್‌ಗಳು ಎಷ್ಟೋ ಸಲ ಗುರುತಿಸುವುದೇ ಇಲ್ಲ, ಸಣ್ಣ ಡ್ರೋನ್‌ಗಳಲ್ಲಿ ಎಲ್ಲ ದಿಕ್ಕಿಗೂ ಸೆನ್ಸರ್ ಇರುವುದೂ ಇಲ್ಲ. ಹದ್ದುಗಳು ಎರಗುವುದೂ ಉಂಟು. ಸಿಗ್ನಲ್ ಕಡಿದರೆ ತಾನಾಗಿ ವಾಪಸ್ ಬರುವ ವ್ಯವಸ್ಥೆ ಇದೆ ಅಂತ ನಂಬಿ ಕೂರಬೇಡಿ. ನೀವು ಸೆಟ್ ಮಾಡಿದ ಎತ್ತರ ತೇರಿಗಿಂತ ಕಡಿಮೆ ಇದ್ದು, ತೇರು ದಾರಿಗೆ ಅಡ್ಡ ಇದ್ದರೆ ನೇರ ಹೋಗಿ ಅದಕ್ಕೇ ಬಡಿಯಬಹುದು.

ನನಗೆ ಪೆಟ್ಟಿಗಿಂತ ಜಾಸ್ತಿ ಭಯ ಆಮೇಲಿನ ಗಾಬರಿಯದು. ಹಗ್ಗ ಹಿಡಿದು ಎಳೆಯುತ್ತಿರುವ ನೂರಾರು ಜನ, ಹಿಂದೆ ಉರುಳಿ ಬರುವ ಗಾಲಿ. ಟನ್‌ಗಟ್ಟಲೆ ತೂಕದ ತೇರು ಕೂಗಿದ ತಕ್ಷಣ ನಿಲ್ಲುವುದಿಲ್ಲ. ಗಾಲಿಗೆ ಮರದ ತುಂಡು ಕೊಡುವವರ ಗಮನ ಒಂದು ಕ್ಷಣ ಮೇಲಕ್ಕೆ ಹೋದರೂ ಕಷ್ಟ. ಜನ ಹಿಂದೆ ಸರಿಯಲು ಅಲ್ಲಿ ಜಾಗವೇ ಇರುವುದಿಲ್ಲ.

ವಿಡಿಯೋ ಬೇಕೇ ಬೇಕು ಅಂದರೆ ದಾರಿ ಇದೆ. ಬೀದಿಯ ಮೇಲೆ ಹೋಗದೆ, ಪಕ್ಕದ ಖಾಲಿ ಹೊಲದ ಮೇಲಿಂದ ಓರೆಯಾಗಿ ತೆಗೆಯಿರಿ. ತೇರಿನ ಎತ್ತರ ಕಾಣುವುದೂ ಆ ಕೋನದಲ್ಲೇ. ಡ್ರೋನ್ ಎಷ್ಟು ಎತ್ತರದಲ್ಲಿದೆಯೋ ಕನಿಷ್ಠ ಅಷ್ಟೇ ದೂರ ಜನರಿಂದ ಪಕ್ಕಕ್ಕಿರಲಿ. ಯಾಕೆಂದರೆ ಓಡುತ್ತಿರುವ ಡ್ರೋನ್ ನೆಟ್ಟಗೆ ಕೆಳಗೆ ಬೀಳುವುದಿಲ್ಲ. ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದು 30 ಮೀಟರ್ ಮೇಲಿಂದ ಬಿದ್ದರೆ ಹದಿನೈದು ಇಪ್ಪತ್ತು ಮೀಟರ್ ಮುಂದೆ ಹೋಗಿ ಬೀಳುತ್ತದೆ.

ಹಿಂದಿನ ದಿನವೇ ಜಾತ್ರೆ ಕಮಿಟಿಯನ್ನೂ ಪೊಲೀಸ್ ಠಾಣೆಯನ್ನೂ ಕೇಳಿ. ಎಸ್‌ಪಿ ದರ್ಜೆಯ ಅಧಿಕಾರಿ 96 ಗಂಟೆಯವರೆಗೆ ಒಂದು ಜಾಗವನ್ನು ತಾತ್ಕಾಲಿಕ ಕೆಂಪು ವಲಯ ಅಂತ ಘೋಷಿಸಬಹುದು. ಆಗ ನಿಮ್ಮ 249 ಗ್ರಾಂ ಡ್ರೋನ್‌ಗೂ ಅಲ್ಲಿ ಪ್ರವೇಶವಿಲ್ಲ. ಇನ್ನೊಂದು ವಿಷಯ: ನ್ಯಾನೊ ವರ್ಗಕ್ಕೆ ಇನ್ಶೂರೆನ್ಸ್ ಕೂಡ ಕಡ್ಡಾಯವಲ್ಲ. ನೀವಾಗಿಯೇ ಮಾಡಿಸಿರದಿದ್ದರೆ, ಯಾರಿಗಾದರೂ ಪೆಟ್ಟಾದಾಗ ಆಸ್ಪತ್ರೆ ಖರ್ಚು ನಿಮ್ಮ ಕೈಯಿಂದಲೇ ಹೋಗುತ್ತದೆ.