ತೆಗೆದ ವೈರಸ್ ಮರುದಿನ ಮರಳಿ ಬರುವುದೇಕೆ?

ಮನೆಯ ಕಂಪ್ಯೂಟರನ್ನು ದುರಸ್ತಿಗೆ ತರುವವರಲ್ಲಿ ಅನೇಕರ ದೂರು ಒಂದೇ ಬಗೆಯದು: ಆಂಟಿವೈರಸ್ ಹಾಕಿ ಸ್ಕ್ಯಾನ್ ಮಾಡಿದೆವು, ಸಿಕ್ಕಿದ್ದನ್ನೆಲ್ಲ ಅಳಿಸಿದೆವು, ಮರುದಿನ ಆನ್ ಮಾಡಿದರೆ ಮತ್ತೆ ಅದೇ ಕಾಟ. ಸ್ಕ್ಯಾನ್ ಅಳಿಸಿದ್ದು ಫೈಲನ್ನು ಮಾತ್ರ. ಆ ಫೈಲನ್ನು ಪ್ರತಿಸಲ ಎಬ್ಬಿಸುವ ಅಥವಾ ಹೊಸದಾಗಿ ಇಳಿಸಿಕೊಳ್ಳುವ ಏರ್ಪಾಡು ಯಂತ್ರದಲ್ಲಿ ಹಾಗೆಯೇ ಉಳಿದಿರುತ್ತದೆ.

ಎಲ್ಲಕ್ಕಿಂತ ಮೊದಲು, ಇರುವುದು ನಿಜವಾಗಿಯೂ ವೈರಸ್ಸೇ ಎಂದು ನೋಡಬೇಕು. ಪರದೆಯ ಬಲಮೂಲೆಯಲ್ಲಿ ಪದೇಪದೇ ಇಣುಕುವ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂಬ ಎಚ್ಚರಿಕೆ ಬಹಳಷ್ಟು ಸಲ ಯಾವುದೋ ಜಾಲತಾಣಕ್ಕೆ ನಾವೇ ಕೊಟ್ಟ ನೋಟಿಫಿಕೇಷನ್ ಅನುಮತಿಯ ಫಲ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿಯನ್ನು ಹಿಂಪಡೆದರೆ ಅದು ನಿಲ್ಲುತ್ತದೆ. ಅದರಲ್ಲಿರುವ ಫೋನ್ ಸಂಖ್ಯೆಗೆ ಮಾತ್ರ ಕರೆ ಮಾಡಬಾರದು. ಕರೆ ಮಾಡಿದವರ ಕಂಪ್ಯೂಟರನ್ನು ದೂರದಿಂದಲೇ ವಶಕ್ಕೆ ತೆಗೆದುಕೊಂಡು ಹಣ ಕೀಳುವುದೇ ಆ ಸಂಖ್ಯೆಯ ಹಿಂದಿರುವ ವಂಚಕರ ಕಸುಬು.

ನಿಜವಾದ ಸೋಂಕು ಇದ್ದರೆ, ವಿಂಡೋಸ್‌ನಲ್ಲಿಯೇ ಇರುವ ಮೈಕ್ರೊಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಅನ್ನು ಮೊದಲು ನಡೆಸುವುದು ನನ್ನ ಪದ್ಧತಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುನ್ನವೇ ತಪಾಸಣೆ ನಡೆಯುವುದರಿಂದ, ಚಾಲನೆಯಲ್ಲಿದ್ದಾಗ ತನ್ನನ್ನು ಮರೆಮಾಡಿಕೊಳ್ಳುವ ಕುತಂತ್ರಾಂಶಕ್ಕೆ ಆ ಅವಕಾಶ ಸಿಗುವುದಿಲ್ಲ. ಆದರೆ ಸ್ಕ್ಯಾನ್‌ಗೂ ಮುಂಚೆ ಡಿಫೆಂಡರಿನ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿಯನ್ನು ತೆರೆದು ನೋಡಿ. ಕ್ರ್ಯಾಕ್ ಮಾಡಿದ, ಅಂದರೆ ಹಣ ಕೊಡದೆ ಬಳಸಲು ಬೀಗ ಮುರಿದ, ತಂತ್ರಾಂಶ ಹಾಕುವಾಗ ‘ಈ ಫೋಲ್ಡರನ್ನು ತಪಾಸಣೆಯಿಂದ ಹೊರಗಿಡಿ’ ಎಂಬ ಸೂಚನೆಯನ್ನು ಎಷ್ಟೋ ಜನ ಚಾಚೂತಪ್ಪದೆ ಪಾಲಿಸಿರುತ್ತಾರೆ; ಕೆಲವು ಕುತಂತ್ರಾಂಶಗಳು ಆ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ. ಕಾವಲುಗಾರನಿಗೇ ‘ಆ ಕೋಣೆಗೆ ಹೋಗಬೇಡ’ ಎಂದು ಹೇಳಿಟ್ಟ ಮೇಲೆ ಎಷ್ಟು ಸಲ ಹುಡುಕಿಸಿ ಏನು ಫಲ?

ಎಬ್ಬಿಸುವ ಏರ್ಪಾಡನ್ನು ಹುಡುಕಲು ಮೈಕ್ರೊಸಾಫ್ಟ್ ಉಚಿತವಾಗಿ ಕೊಡುವ ಆಟೋರನ್ಸ್ ಎಂಬ ಸಾಧನಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯ ‘ರನ್’ ಕೀಗಳು, ನಿಗದಿತ ಹೊತ್ತಿಗೆ ಕೆಲಸ ಶುರುಮಾಡುವ ಟಾಸ್ಕ್ ಶೆಡ್ಯೂಲರ್, ಹಿನ್ನೆಲೆಯಲ್ಲಿ ನಡೆಯುವ ಸರ್ವಿಸ್‌ಗಳು ಹೀಗೆ ಯಾವುದೆಲ್ಲ ತಾನಾಗಿಯೇ ಶುರುವಾಗುತ್ತದೆಯೋ ಅದನ್ನು ಇದು ಒಂದೆಡೆ ತೋರಿಸುತ್ತದೆ. ಮೈಕ್ರೊಸಾಫ್ಟ್‌ನದೇ ಆದ ನಮೂದುಗಳನ್ನು ಮರೆಮಾಡಿ, ತಯಾರಕರು ಯಾರೆಂದು ದೃಢಪಡಿಸುವ ಡಿಜಿಟಲ್ ಸಹಿ ಇಲ್ಲದೆ ‘ಆಪ್‌ಡೇಟಾ’ ಅಥವಾ ‘ಟೆಂಪ್’ ಫೋಲ್ಡರಿನಿಂದ ಏಳುವ ನಮೂದುಗಳ ಮೇಲೆ ಕಣ್ಣಿಡಿ. ಅನುಮಾನ ಬಂದದ್ದನ್ನು ತಕ್ಷಣ ಅಳಿಸುವ ಬದಲು ಟಿಕ್ ಗುರುತನ್ನು ತೆಗೆದು ರೀಸ್ಟಾರ್ಟ್ ಮಾಡುವುದು ಕ್ಷೇಮ. ಅದರಿಂದ ಪ್ರಿಂಟರಿನಂಥದ್ದೇನಾದರೂ ನಿಂತುಹೋದರೆ ಟಿಕ್ ಮರಳಿ ಹಾಕಬಹುದು.

ಬ್ರೌಸರಿಗೆ ಅಂಟಿಸಿಕೊಳ್ಳುವ ಪುಟ್ಟ ತಂತ್ರಾಂಶಗಳಾದ ಎಕ್ಸ್‌ಟೆನ್ಷನ್‌ಗಳು ಮರಳಿ ಬರುವ ದಾರಿ ಬೇರೆ. ಒಂದೇ ಗೂಗಲ್ ಖಾತೆಯಲ್ಲಿ ಸಿಂಕ್ ಆಗಿರುವ ಇನ್ನೊಂದು ಕಂಪ್ಯೂಟರಿನಿಂದ ಅವು ಮತ್ತೆ ಇಳಿಯುತ್ತವೆ. ಆದ್ದರಿಂದ ಮೊದಲು ಸಿಂಕ್ ನಿಲ್ಲಿಸಿ, ಎರಡೂ ಕಡೆ ತೆಗೆಯಬೇಕು. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್ ಡ್ರೈವ್‌ನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಗಾಬರಿಬಿದ್ದು ಫಾರ್ಮ್ಯಾಟ್ ಮಾಡಬೇಡಿ. ಸಾಮಾನ್ಯವಾಗಿ ಅಸಲಿ ಫೋಲ್ಡರುಗಳು ಅಲ್ಲಿಯೇ ಅಡಗಿಸಲ್ಪಟ್ಟಿರುತ್ತವೆ. ಆ ಶಾರ್ಟ್‌ಕಟ್ಟನ್ನು ಒತ್ತದಿದ್ದರಾಯಿತು.

ಯಂತ್ರ ಶುದ್ಧವಾದ ಮಾತ್ರಕ್ಕೆ ಹೋದದ್ದು ಮರಳುವುದಿಲ್ಲ ಎಂಬುದನ್ನು ಗ್ರಾಹಕರಿಗೆ ಒಪ್ಪಿಸುವುದೇ ನನಗೆ ಕಷ್ಟದ ಕೆಲಸ. ಮಾಹಿತಿ ಕದಿಯುವ ಕುತಂತ್ರಾಂಶಗಳು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳ ಜೊತೆಗೆ ನೀವು ಆಗಲೇ ಲಾಗಿನ್ ಆಗಿದ್ದೀರಿ ಎಂದು ಜಾಲತಾಣಕ್ಕೆ ತೋರಿಸುವ ಗುರುತುಚೀಟಿಗಳಾದ ಲಾಗಿನ್ ಕುಕಿಗಳನ್ನೂ ಒಯ್ಯುತ್ತವೆ, ಆ ಕುಕಿ ಕೈಸೇರಿದವನಿಗೆ ಅನೇಕ ವೇಳೆ ಒಟಿಪಿಯೂ ಬೇಕಾಗುವುದಿಲ್ಲ. ಸೋಂಕಿಲ್ಲದ ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಆಗಬೇಕು. ಹಣ ಹೋಗಿದ್ದರೆ ಕಂಪ್ಯೂಟರನ್ನು ಬದಿಗಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಾಹಿತಿ ಕದಿಯುವ ಇಂಥ ಕುತಂತ್ರಾಂಶ ಸಿಕ್ಕ ಕಂಪ್ಯೂಟರಿಗೆ ನಾನು ಹೊಸದಾಗಿ ವಿಂಡೋಸ್ ಹಾಕುತ್ತೇನೆ. ಅದಕ್ಕೆ ಬೇಕಾದ ಪೆನ್ ಡ್ರೈವನ್ನು ಬೇರೆ ಕಂಪ್ಯೂಟರಿನಲ್ಲಿಯೇ ಸಿದ್ಧಪಡಿಸಬೇಕು. ಬ್ಯಾಕಪ್‌ನಿಂದ ಫೋಟೊ, ದಾಖಲೆಗಳನ್ನು ಮಾತ್ರ ಸ್ಕ್ಯಾನ್ ಮಾಡಿ ಮರಳಿಸುತ್ತೇನೆ. ಹಳೆಯ ಸೆಟಪ್ ಫೈಲುಗಳನ್ನು, ಮಾಲೀಕರು ಎಷ್ಟೇ ಕೇಳಿದರೂ, ಮರಳಿಸುವುದಿಲ್ಲ.